‘ವಾಕಿಂಗ್ ಮಾಡಿ’ ಅಂದರೆ ಸಾಲದು, ಚೀಟಿಯಲ್ಲಿ ಬರೆಸಿಕೊಳ್ಳಿ

‘ದಿನಾ ವಾಕಿಂಗ್ ಮಾಡ್ತೀನಿ ಸಾರ್, ಆದ್ರೂ ಶುಗರ್ ಇಳೀತಿಲ್ಲ.’ ನನ್ನ ಕ್ಲಿನಿಕ್ಕಿಗೆ ಬರುವ ದಿನಸಿ ಅಂಗಡಿ ಯಜಮಾನರ ದೂರಿದು. ಒಂದು ಬೆಳಗ್ಗೆ ಕೆರೆ ಏರಿ ಮೇಲೆ ಸಿಕ್ಕರು. ಜೊತೆಗೆ ಮೂವರು ಗೆಳೆಯರು, ಹತ್ತು ಹೆಜ್ಜೆಗೊಮ್ಮೆ ನಿಂತು ರಾಜಕೀಯ, ಕೊನೆಗೆ ತಟ್ಟೆ ಇಡ್ಲಿ. ತಪ್ಪು ನನ್ನದೇ. ಮಾತ್ರೆಯಾದರೆ ಎಷ್ಟು ಮಿಲಿಗ್ರಾಂ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಬರೆಯುವ ನಾವು ವೈದ್ಯರು ನಡಿಗೆಯನ್ನು ಮಾತ್ರ ಬಾಯಿಮಾತಲ್ಲೇ ಮುಗಿಸುತ್ತೇವೆ. ನ್ಯೂಜಿಲೆಂಡಿನ ವೈದ್ಯರು 1990ರ ದಶಕದಿಂದಲೇ ಇದನ್ನು ‘ಗ್ರೀನ್ ಪ್ರಿಸ್ಕ್ರಿಪ್ಷನ್’ ಎಂದು ಬರೆದು ಕೊಡುತ್ತಾ ಬಂದಿದ್ದಾರೆ. ನೀವೂ ಕೇಳಿ ಬರೆಸಿಕೊಳ್ಳಿ.

ಮೊದಲು ತಪಾಸಣೆ. ನಡೆಯುವಾಗ ಎದೆ ಹಿಡಿದಂತಾಗುವುದು, ತಲೆ ಸುತ್ತುವುದು ಇದ್ದರೆ ಮುಚ್ಚಿಡಬೇಡಿ. ಶುಗರ್ ಹಳೆಯದಾಗಿದ್ದರೆ ಪಾದ ತೋರಿಸಿ. ಜೋಮು ಹಿಡಿದ ಕಾಲಿಗೆ ಚಪ್ಪಲಿ ಕಚ್ಚಿದ್ದೂ ತಿಳಿಯದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಶುಗರ್ ತೀರಾ ಇಳಿದುಬಿಡಬಹುದು, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು.

ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ವರ್ಷಗಟ್ಟಲೆ ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ನಾನು ಮೊದಲ ದಿನವೇ ಅರ್ಧ ಗಂಟೆ ಒಟ್ಟಿಗೆ ನಡೆಯಲು ಬರೆಯುವುದಿಲ್ಲ. ಮೂರು ಹೊತ್ತು ಊಟವಾದ ಮೇಲೆ ಹತ್ತತ್ತು ನಿಮಿಷ, ಅಷ್ಟೇ. ಊಟದ ನಂತರ ಏರುವ ಶುಗರ್‌ಗೆ ಅದೇ ಕಡಿವಾಣ.

ಎಲ್ಲರೂ ಎಡವುವುದು ವೇಗದಲ್ಲಿ. ಮೊದಲ ಮೂರು ನಿಮಿಷ ನಿಧಾನ, ಆಮೇಲೆ ಬಸ್ಸು ಹೊರಟುಬಿಡುತ್ತದೇನೋ ಎಂಬಂತೆ ನಡೆಯಿರಿ. ಈಗ ನಿಮ್ಮ ಮನೆ ವಿಳಾಸವನ್ನು ಗಟ್ಟಿಯಾಗಿ ಹೇಳಿ ನೋಡಿ. ಒಂದು ವಾಕ್ಯ ಮುಗಿಸಿ ಉಸಿರು ಎಳೆದುಕೊಳ್ಳಬೇಕೆನಿಸಿದರೆ ವೇಗ ಸರಿಯಿದೆ. ದೇವರನಾಮವನ್ನೇ ರಾಗವಾಗಿ ಹಾಡಲು ಬರುತ್ತಿದ್ದರೆ ನೀವು ನಡೆಯುತ್ತಿಲ್ಲ, ಅಡ್ಡಾಡುತ್ತಿದ್ದೀರಿ. ಎರಡು ಪದಕ್ಕೇ ಏದುಸಿರು ಬಂದರೆ ತಗ್ಗಿಸಿ. ಕೈಗಡಿಯಾರ ತೋರಿಸುವ ಎದೆಬಡಿತವನ್ನೇ ನಂಬಬೇಡಿ: ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರಲ್ಲಿ ಬಡಿತ ಏರುವುದೇ ಕಡಿಮೆ. ಗುಂಪಿನಲ್ಲಿ ಹೋದರೆ ಎಲ್ಲರಿಗಿಂತ ನಿಧಾನದವರ ವೇಗವೇ ನಿಮ್ಮದೂ ಆಗುತ್ತದೆ. ಒಬ್ಬರೇ ಹೋಗಿ.

ಹತ್ತು ಸಾವಿರ ಹೆಜ್ಜೆಯ ಹಟವೂ ಬೇಡ. ಆ ಸಂಖ್ಯೆ ಬಂದದ್ದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಹೊಟ್ಟೆಗೆ ಕಟ್ಟಿಕೊಳ್ಳುವ ಬಿಸಿ ಬೆಲ್ಟಿಗಂತೂ ದುಡ್ಡು ಸುರಿಯಬೇಡಿ. ಇಳಿಯುವುದು ಬೆವರು, ಬೊಜ್ಜಲ್ಲ.

ನಡಿಗೆಯ ಜೊತೆಗೆ ಕಾಲಿನ ಬಲಕ್ಕೆಂದು ವಾರಕ್ಕೆರಡು ದಿನ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ.

ಅಂಗಡಿ ಯಜಮಾನರ ಹೊಸ ಚೀಟಿ ಹೀಗಿದೆ: ‘ಬಿರುಸು ನಡಿಗೆ, 10 ನಿಮಿಷ, ಊಟವಾದ ಮೇಲೆ, 1-1-1, ವಾರಕ್ಕೆ 5 ದಿನ, 2 ವಾರ.’ ಅದನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಪಕ್ಕ ಅಂಟಿಸಿ, ನಡೆದ ದಿನಕ್ಕೆ ಗೀಟು ಹಾಕುತ್ತಾರೆ. ಮುಂದಿನ ಸಲ ಬರುವಾಗ ಆ ಹಾಳೆ ತರಲು ಹೇಳಿದ್ದೇನೆ. ಗೀಟು ಎಣಿಸಿಯೇ ನಿಮಿಷ ಏರಿಸುವುದು.