ರಾಜ ಓದುವ ಭಾಷಣ, ಬಾಗಿಲಿಗೆ ಬೀಳುವ ಕರಪತ್ರ

ಬ್ರಿಟನ್ನಿಗೆ ಹೊಸದಾಗಿ ಬಂದವರು, ಸಂಸತ್ತಿನ ಅಧಿವೇಶನ ಶುರುವಾಗುವಾಗ ರಾಜ ಓದುವ ಭಾಷಣವನ್ನು ಟಿವಿಯಲ್ಲಿ ನೋಡಿ ತಬ್ಬಿಬ್ಬಾಗುತ್ತಾರೆ. ಕಿರೀಟ ತೊಟ್ಟ ರಾಜ "ನನ್ನ ಸರ್ಕಾರ" ಅಂತ ಓದುತ್ತಾರೆ, ಆದರೆ ಬರೆದುಕೊಟ್ಟವರು ಮಂತ್ರಿಗಳು. ನಮ್ಮ ವಿಧಾನಮಂಡಲದಲ್ಲಿ ರಾಜ್ಯಪಾಲರು ಓದುತ್ತಾರಲ್ವಾ, ಆಮೇಲೆ ವಂದನಾ ನಿರ್ಣಯದ ಮೇಲೆ ಜಗಳ ನಡೆಯುತ್ತಲ್ವಾ, ಅದರ ಮೂಲ ಇಲ್ಲೇ.

ಇದು ಮಂತ್ರಿಗಳ ಮಾತು ಅನ್ನೋದು ಈಗ ಎಲ್ಲರಿಗೂ ಗೊತ್ತು. 1763ರಲ್ಲಿ ಅದನ್ನೇ ಅಚ್ಚು ಹಾಕಿಸಿ, ಭಾಷಣವನ್ನು ಹಿಗ್ಗಾಮುಗ್ಗಾ ಟೀಕಿಸಿದ ಸಂಸದ ಜಾನ್ ವಿಲ್ಕ್ಸ್ ಲಂಡನ್ ಟವರ್ ಕೋಟೆಯ ಸೆರೆ ಸೇರಿದ. ಅವನ 'ನಾರ್ತ್ ಬ್ರಿಟನ್' ಪತ್ರಿಕೆಯ 45ನೇ ಸಂಚಿಕೆ ಅದು. ಯಾರನ್ನು ಹಿಡಿಯಬೇಕು ಅಂತ ಹೆಸರೇ ಇಲ್ಲದ ವಾರಂಟ್ ಹಿಡಿದು, ಅಚ್ಚುಕೂಟದವರೂ ಸೇರಿ ಸುಮಾರು ಐವತ್ತು ಜನರನ್ನು ಎಳೆದೊಯ್ದರು. ಸಂಸದನೆಂಬ ಕಾರಣಕ್ಕೆ ವಿಲ್ಕ್ಸ್ ಕೆಲವೇ ದಿನಗಳಲ್ಲಿ ಹೊರಬಂದ. ಅಂಥ ವಾರಂಟ್ ಕಾನೂನುಬಾಹಿರ ಅಂತ ಕೋರ್ಟುಗಳು ಹೇಳಿದವು. ಜನ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ '45' ಅಂತ ಬರೆದರು. ಮನುಷ್ಯ ಅಂಥಾ ಸಂಭಾವಿತನೇನಲ್ಲ, ಆದರೂ ಉಪಕಾರ ದೊಡ್ಡದು.

ಆಗ ಸಂಸತ್ತಿನ ಚರ್ಚೆಯನ್ನು ಅಚ್ಚು ಹಾಕುವುದೂ ತಪ್ಪು. 1771ರಲ್ಲಿ ಹಾಗೆ ಮಾಡಿದ ಮುದ್ರಕರ ಪರ ನಿಂತ ಲಂಡನ್ ಮೇಯರ್ ಬ್ರಾಸ್ ಕ್ರಾಸ್ಬಿಯನ್ನೂ ಟವರಿಗೆ ಹಾಕಿದರು. ನಿಯಮ ಹಾಗೇ ಉಳಿಯಿತು, ತಡೆಯುವವರು ಸುಮ್ಮನಾದರು. ಇವತ್ತು ಅಲ್ಲಿನ ಮಾತೆಲ್ಲ 'ಹ್ಯಾನ್ಸಾರ್ಡ್' ಅನ್ನೋ ಅಧಿಕೃತ ವರದಿಯಲ್ಲಿ ಪುಕ್ಕಟೆ ಸಿಗುತ್ತದೆ.

ನಮಗೆ ಹತ್ತಿರದ ಸಂಗತಿಯೊಂದಿದೆ. 1785ರ ಫೆಬ್ರವರಿ 28ರಂದು ಸಂಸದ ಎಡ್ಮಂಡ್ ಬರ್ಕ್ ಸಂಸತ್ತಿನಲ್ಲಿ ಆರ್ಕಾಟ್ ನವಾಬನ ಸಾಲಗಳ ಬಗ್ಗೆ ಮಾತಾಡಿದ. ಸಾಲ ಕೊಟ್ಟವರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ಜಾಸ್ತಿ. ಆ ಭಾಷಣದಲ್ಲಿ ಹೈದರ್ ಅಲಿ 1780ರಲ್ಲಿ 'ಕರ್ನಾಟಿಕ್' ಮೇಲೆ ಬಿದ್ದ ವರ್ಣನೆ ಮೈ ನಡುಗಿಸುತ್ತದೆ. (ಕರ್ನಾಟಿಕ್ ಅಂದರೆ ನಮ್ಮ ಕರ್ನಾಟಕ ಅಲ್ಲ, ಆರ್ಕಾಟಿನ ಸೀಮೆ. ನಾನೂ ಮೊದಲು ಎಡವಿದ್ದೆ.) ಸದನದಲ್ಲಿ ಬರ್ಕ್ ಕಡೆಯವರು ಸೋತರು. ಅದೇ ವರ್ಷ ಭಾಷಣ ಕಿರುಹೊತ್ತಗೆಯಾಗಿ ಬಂತು, ಇಂದಿಗೂ ಓದುತ್ತಾರೆ.

ಈಗ ನಿಮ್ಮ ಮನೆ ಬಾಗಿಲ ಕಿಂಡಿಯಿಂದ ಬೀಳುವ ಚುನಾವಣಾ ಕರಪತ್ರ. ಕೆಳಗಡೆ ಸಣ್ಣ ಅಕ್ಷರದಲ್ಲಿ ಮುದ್ರಕರ ಮತ್ತು ಪ್ರಚಾರ ಮಾಡಿಸಿದವರ ಹೆಸರು, ವಿಳಾಸ ಇರಲೇಬೇಕು. ಮುದ್ರಕನ ಹೆಸರು ಹಾಕಲೇಬೇಕೆಂಬ ಕಾಯ್ದೆ 1799ರಲ್ಲೇ ಬಂದಿತ್ತು. ಆಗ ಅದು ಸರ್ಕಾರದ ವಿರುದ್ಧ ಅಚ್ಚು ಹಾಕುವವರನ್ನು ಹಿಡಿಯಲು. ಈಗ ಆ ಸಾಲು ಇರುವುದು ನಮಗಾಗಿ. ಅದಿಲ್ಲದ ಕರಪತ್ರ ಬಂದರೆ ಅನುಮಾನ ಪಡಿ.

"ನಮಗೇಕೆ ಸ್ವಾಮಿ, ವೀಸಾದ ಮೇಲಿರುವವರು" ಅನ್ನಬೇಡಿ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿರಲು ಅನುಮತಿ ಇರುವ, 18 ತುಂಬಿದ ಭಾರತೀಯ ಪ್ರಜೆ ಇಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಹೆಸರನ್ನು ಆನ್‌ಲೈನಿನಲ್ಲಿ ನೋಂದಾಯಿಸಿ. ಮತಗಟ್ಟೆಗೆ ಹೋಗುವಾಗ ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ನಮ್ಮದೇ ನಡೆಯುತ್ತದೆ.