ತೊಗರಿಬೇಳೆ ಉಳಿಸಬೇಕಾ? ಬಸ್ಸಾರು ಮಾಡಿ

ದಿನಸಿ ಖರ್ಚು ಜಾಸ್ತಿಯಾದರೆ ನಾವು ಮೊದಲು ತರಕಾರಿಗೆ ಕತ್ತರಿ ಹಾಕುತ್ತೇವೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ತೊಗರಿಬೇಳೆ ಮತ್ತು ಎಣ್ಣೆ. ದಿನಾ ಬೇಳೆ ಸಾರೇ ಆಗಬೇಕು ಅಂತೇನಿಲ್ಲ, ಅಲ್ವಾ?

ವಾರದಲ್ಲಿ ಎರಡು ಮೂರು ದಿನ ಬಸ್ಸಾರು ಮಾಡಿ. ಹುರಳಿಕಾಳು, ಅಲಸಂದೆ, ಹೆಸರುಕಾಳು, ಆ ವಾರ ಯಾವುದು ಅಗ್ಗವೋ ಅದು. ನಾಲ್ಕು ಜನಕ್ಕೆ ಒಂದು ಲೋಟ ಕಾಳು ಸಾಕು. ಕಾಳು ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪು ಹಾಕಿ, ಬೇಯಿಸಿ, ಬಸಿಯಿರಿ. ಬಸಿದ ನೀರು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ. ಒಲೆ ಒಂದೇ ಸಲ ಉರಿದರೂ ಊಟಕ್ಕೆ ಎರಡು ಬಗೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಹುರಿದು ರುಬ್ಬುವಾಗ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ. ಸಾರು ಮಂದವಾಗುತ್ತದೆ, ಕಾಯಿ ಅರ್ಧದಷ್ಟು ಹಾಕಿದರೆ ಸಾಕು. (ಕಾಯಿ ರೇಟು ಕೇಳಲೇಬೇಡಿ!) ಮಾರನೇ ದಿನ ಬಿಸಿ ಮಾಡಿದರೆ ಇನ್ನೂ ರುಚಿ.

ಹುರಳಿಯನ್ನು ಮಾತ್ರ ರಾತ್ರಿಯೇ ನೆನೆಸಿಡಿ. ಇಲ್ಲದಿದ್ದರೆ ಬೇಳೆಯಲ್ಲಿ ಉಳಿಸಿದ್ದು ಗ್ಯಾಸಿಗೆ ಹೋಗುತ್ತದೆ.

ಸೊಪ್ಪನ್ನು ಸಂತೆ ಮುಗಿಯುವ ಹೊತ್ತಿಗೆ ಕೊಳ್ಳಿ, ಆದರೆ ಅವತ್ತೇ ಬೇಯಿಸುವಷ್ಟು ಮಾತ್ರ. ಎಣ್ಣೆಯನ್ನು ತಿಂಗಳಿಗೆ ಇಷ್ಟೇ ಅಂತ ಬೇರೆ ಡಬ್ಬಕ್ಕೆ ಸುರಿದಿಡಿ. ಕೊನೆಯ ವಾರ ಉಳಿದಿದ್ದರೆ ಬೋಂಡ, ಇಲ್ಲದಿದ್ದರೆ ಇಲ್ಲ.

ಹಾಗೇ, ಆಫರ್ ಇದೆ ಅಂತ ಸುಮ್ನೆ ಐದು ಕೆಜಿ ರವೆ ತರಬೇಡಿ. ಮಳೆಗಾಲದಲ್ಲಿ ಹುಳ ಬೀಳುತ್ತದೆ. ಒಂದು ಕೆಜಿ ತಂದು, ಹುರಿದು, ಆರಿದ ಮೇಲೆ ಡಬ್ಬಕ್ಕೆ ಹಾಕಿ.