ದಾರ ಹಿಡಿದು ಸರಿಮಾಡಿದ ತ್ರೀಡಿ ಪ್ರಿಂಟರ್

ನಮ್ಮನೆ ಅಡುಗೆಮನೆ ಕಟ್ಟೆ ಗ್ರಾನೈಟಿನದು. ಪ್ಲಾಸ್ಟಿಕ್ ಕರಗಿಸಿ ಪದರದ ಮೇಲೆ ಪದರ ಹಾಕಿ ವಸ್ತು ಮಾಡುವ ತ್ರೀಡಿ ಪ್ರಿಂಟರನ್ನು ನಾನೇ ಕಟ್ಟಲು ಹೊರಟಿದ್ದೆ. ಅದಕ್ಕೆ ತಂದ 8 ಮಿ.ಮೀ. ಸ್ಟೀಲ್ ರಾಡುಗಳು ನೆಟ್ಟಗಿವೆಯೋ ಇಲ್ಲವೋ ಅಂತ ನೋಡಿದ್ದು ಅದರ ಮೇಲೇ. ನೆಟ್ಟಗಿರುವ ರಾಡು ಸದ್ದಿಲ್ಲದೆ ಉರುಳುತ್ತದೆ, ಬಾಗಿದ್ದು ಟಕಟಕ ಅನ್ನುತ್ತದೆ. ಆರರಲ್ಲಿ ಎರಡು ಟಕಟಕ ಅಂದವು. "ಚಪಾತಿ ಲಟ್ಟಿಸೋ ಜಾಗ ಅದು, ಗ್ರೀಸ್ ಮೆತ್ತಬೇಡಿ" ಅಂತ ಹೆಂಡತಿ ಬೈದದ್ದೂ ಅವತ್ತೇ.

ನಾನು ಶಿವಮೊಗ್ಗದಲ್ಲಿ ಡಿಪ್ಲೊಮಾ ಹುಡುಗರಿಗೆ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ರೆಡಿ ಪ್ರಿಂಟರ್ ಕೊಳ್ಳಬಹುದಿತ್ತು, ಸುಮ್ನೆ ಕಷ್ಟಪಟ್ಟೆ ಅಂತ ಕೆಲವರು ಅಂದರು. ಆದರೆ ಸೀಲ್ ಹಾಕಿದ ಯಂತ್ರದ ಮುಂದೆ ಹುಡುಗರು ಕೈಕಟ್ಟಿ ನಿಲ್ಲುತ್ತಾರೆ ಅಷ್ಟೆ. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೌಯರ್ ಶುರುಮಾಡಿದ ರೆಪ್‌ರ‍್ಯಾಪ್ ಗೊತ್ತಿರಬಹುದು. ತನ್ನ ಪ್ಲಾಸ್ಟಿಕ್ ಭಾಗಗಳನ್ನು ತಾನೇ ಅಚ್ಚು ಹಾಕಿಕೊಳ್ಳುವ ಪ್ರಿಂಟರು, ನಕ್ಷೆ ಎಲ್ಲರಿಗೂ ಬಿಟ್ಟಿ. ಅದೇ ಮನೆತನದ ಪ್ರೂಸಾ ಐ3 ಮಾದರಿ ಆರಿಸಿಕೊಂಡೆ. ಯಂತ್ರದ ಮಿದುಳಾದ ಆರ್ಡುಯಿನೊ ಮೆಗಾ, ಮೋಟಾರು-ಹೀಟರುಗಳ ತಂತಿ ಸೇರುವ ರ‍್ಯಾಂಪ್ಸ್ 1.4 ಬೋರ್ಡು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಐದು ನೀಮಾ 17 ಮೋಟಾರುಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದೆ. ಫ್ರೇಮಿಗೆ 12 ಮಿ.ಮೀ. ಪ್ಲೈವುಡ್. ದುಡ್ಡು ಉಳಿಸಲು ಮಾಡಿದ ಈ ಪ್ಲೈವುಡ್ ಉಪಾಯವೇ ಆಮೇಲೆ ನನ್ನನ್ನು ಆಟ ಆಡಿಸಿದ್ದು.

ಮೊದಲ ತಿಂಗಳು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಎಲ್ಲರ ಹಾಗೆ 20 ಮಿ.ಮೀ. ಕ್ಯೂಬ್ ಪ್ರಿಂಟ್ ಮಾಡಿ ವರ್ನಿಯರ್ ಹಿಡಿದೆ. 20.2 ಬಂತು. ಸರಿ, ಯಂತ್ರವನ್ನು ನಡೆಸುವ ಪ್ರೋಗ್ರಾಂ ಆದ ಫರ್ಮ್‌ವೇರಿನಲ್ಲಿ ಮಿ.ಮೀ.ಗೆ ಮೋಟಾರಿನ 80 ಸ್ಟೆಪ್ (ಹೆಜ್ಜೆ) ಇದ್ದದ್ದನ್ನು 79.2 ಮಾಡಿದೆ. ಕ್ಯೂಬ್ ಕರೆಕ್ಟಾಗಿ 20 ಬಂತು. ಖುಷಿಯಾಯಿತು. ಮರುದಿನ 100 ಮಿ.ಮೀ. ಪಟ್ಟಿ ಹಾಕಿದರೆ 99.2! ತಲೆ ಕೆರೆದುಕೊಂಡೆ.

ಲೆಕ್ಕ ನೋಡಿ. ಮೋಟಾರು ಒಂದು ಸುತ್ತಿಗೆ 200 ಸ್ಟೆಪ್, ಮೋಟಾರು ನಡೆಸುವ ಡ್ರೈವರ್ ಚಿಪ್ಪು ಒಂದೊಂದು ಸ್ಟೆಪ್ಪನ್ನೂ 16 ಪಾಲು ಮಾಡುತ್ತದೆ, ಒಟ್ಟು 3200. ಪುಲ್ಲಿಗೆ 20 ಹಲ್ಲು, ಬೆಲ್ಟಿನ ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ., ಅಂದರೆ ಸುತ್ತಿಗೆ 40 ಮಿ.ಮೀ. ಓಟ. ಭಾಗಿಸಿದರೆ 80. ಆ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ, ತಪ್ಪು ಪ್ಲಾಸ್ಟಿಕ್ ಎಳೆಯನ್ನು ಒಳಗೆ ನೂಕುವ ಎಕ್ಸ್‌ಟ್ರೂಡರಿನಲ್ಲಿತ್ತು. ಪ್ಲಾಸ್ಟಿಕ್ ಜಾಸ್ತಿ ಸುರಿದು ಗೋಡೆ ದಪ್ಪವಾಗಿತ್ತು. ಈ 0.2 ತುಂಡು ಚಿಕ್ಕದಿರಲಿ ದೊಡ್ಡದಿರಲಿ ಅಷ್ಟೇ ಇರುತ್ತದೆ, ಅಳತೆ ಜೊತೆ ಬೆಳೆಯುವುದಿಲ್ಲ. ನಾನು ಅದನ್ನು ಶೇಕಡಾ ಲೆಕ್ಕದಲ್ಲಿ ಕಳೆಯಲು ಹೋಗಿದ್ದೆ.

ಸರಿಮಾಡಿದ್ದು ಮಾರ್ಕರ್ ಪೆನ್ನಿನಿಂದ. ಎಕ್ಸ್‌ಟ್ರೂಡರಿನ ಬಾಯಿಯಿಂದ 120 ಮಿ.ಮೀ. ಅಳೆದು ಫಿಲಮೆಂಟಿಗೆ, ಅಂದರೆ ಆ ಪ್ಲಾಸ್ಟಿಕ್ ಎಳೆಗೆ, ಗೆರೆ ಹಾಕಿದೆ. ಪ್ಲಾಸ್ಟಿಕ್ ಕರಗಿ ಹೊರಬರುವ ನಾಜಲ್ ಬಿಸಿಮಾಡಿ, ನಿಧಾನವಾಗಿ 100 ಮಿ.ಮೀ. ಎಳೆದುಕೋ ಅಂತ ಕಮಾಂಡ್ ಕೊಟ್ಟೆ. 20 ಉಳಿಯಬೇಕಿತ್ತು, 14 ಉಳಿಯಿತು. 106 ನುಂಗಿದೆ! ಎಕ್ಸ್‌ಟ್ರೂಡರಿನ ಸ್ಟೆಪ್ 100 ಇದ್ದದ್ದು 94.3 ಆಯಿತು, ಉದ್ದ-ಅಗಲದ ಓಟಗಳಾದ ಎಕ್ಸ್, ವೈ ಮತ್ತೆ 80ಕ್ಕೆ ಬಂದವು.

ಇಷ್ಟಾದರೂ ಡಬ್ಬಿಗೆ ಮುಚ್ಚಳ ಕೂರುತ್ತಿರಲಿಲ್ಲ. ನಾಲ್ಕೂ ಬದಿ ಸರಿ, ಆದರೂ ಮುಚ್ಚಳವನ್ನು ಬೋರಲು ಹಾಕಿದರೆ ಮೂಲೆ ಹೊರಗೆ ಚಾಚುತ್ತಿತ್ತು. ಎರಡು ವಾರ, ಡಿಸೈನನ್ನು ಪದರಗಳಾಗಿ ಸೀಳುವ ಸ್ಲೈಸರ್ ಸಾಫ್ಟ್‌ವೇರಿನ ಸೆಟ್ಟಿಂಗ್ ತಿರುವಿದೆ. ಕೊನೆಗೆ ಹಿಡಿದುಕೊಟ್ಟವರು ನಮ್ಮ ಕಾರ್ಪೆಂಟ್ರಿ ಸೆಕ್ಷನ್ನಿನ ಇನ್‌ಸ್ಟ್ರಕ್ಟರು. ಕಂಪ್ಯೂಟರ್ ಕಡೆ ನೋಡಲೂ ಇಲ್ಲ ಅವರು. ಜೇಬಿನಿಂದ ದಾರ ತೆಗೆದು ಫ್ರೇಮಿನ ತಳದ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದು ಚಿವುಟಿ ಹಿಡಿದರು. ಅದೇ ದಾರವನ್ನು ಇನ್ನೆರಡು ಮೂಲೆಗೆ ಹಿಡಿದರು. ದಾರ ಉಳಿಯಿತು. "ಬಾಗಿಲು ಚೌಕಟ್ಟಿಗೆ ನಾವು ಮೊದಲು ನೋಡೋದೇ ಕರ್ಣ ಅಲ್ವಾ ಸರ್. ಇದು ಮೂಲೆಮಟ್ಟಕ್ಕೆ ಕೂತೇ ಇಲ್ಲ." ಮಲೆನಾಡಿನ ಮಳೆಗೆ ಪ್ಲೈವುಡ್ ಉಬ್ಬಿ, ಬೋಲ್ಟು ಸಡಿಲವಾಗಿ, ತಳವೇ ಸೊಟ್ಟಗಾಗಿತ್ತು.

50 ಮಿ.ಮೀ. ಚೌಕ ಪ್ರಿಂಟ್ ಮಾಡಿ ಕರ್ಣ ಅಳೆದೆವು. ಎರಡೂ 70.7 ಇರಬೇಕು. ಒಂದು 71.3, ಇನ್ನೊಂದು 70.1. ಹುಡುಗರಿಗೆ ಪೈಥಾಗೊರಸ್ ಅವತ್ತು ಹೇಳಿದಷ್ಟು ಚೆನ್ನಾಗಿ ಯಾವತ್ತೂ ಹೇಳಿಲ್ಲ. ಕೋನ ಲೆಕ್ಕ ಹಾಕಿದರೆ 89 ಡಿಗ್ರಿ. 200 ಮಿ.ಮೀ. ಓಟಕ್ಕೆ ಮೂರು ಮಿ.ಮೀ.ಗಿಂತ ಜಾಸ್ತಿ ಸೊಟ್ಟ.

ಫ್ರೇಮನ್ನು 20×20 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಗಳಿಗೆ (ಎಕ್ಸ್‌ಟ್ರೂಶನ್) ಬದಲಾಯಿಸಲು ಹೊರಟೆ. ಅದಕ್ಕೆ ಬೇಕಾದ ಮೂಲೆಯ ಬ್ರಾಕೆಟ್ಟುಗಳನ್ನು ಅಚ್ಚು ಹಾಕಬೇಕಾದ್ದು ಇದೇ ಸೊಟ್ಟ ಪ್ರಿಂಟರು! ನನ್ನ ಪ್ರಿಂಟರಿನ ಮಾರ್ಲಿನ್ ಫರ್ಮ್‌ವೇರಿನಲ್ಲಿ ಕರ್ಣಗಳ ಅಳತೆ ಕೊಟ್ಟರೆ ಸೊಟ್ಟವನ್ನು ಲೆಕ್ಕದಲ್ಲೇ ತಿದ್ದುವ ಸೌಲಭ್ಯವಿದೆ. ಅದನ್ನು ಆನ್ ಮಾಡಿ ಬ್ರಾಕೆಟ್ ತೆಗೆದೆ, ಹೊಸ ಫ್ರೇಮ್ ಕಟ್ಟಿದ ಮೇಲೆ ಆಫ್ ಮಾಡಿದೆ. ಯಂತ್ರದ ತಪ್ಪನ್ನು ಸಾಫ್ಟ್‌ವೇರಿನಲ್ಲಿ ಕಾಯಂ ಆಗಿ ಮುಚ್ಚಿಡುವುದು ನನಗೆ ಒಗ್ಗುವುದಿಲ್ಲ.

ಒಂದು ಎಚ್ಚರಿಕೆ. ವಸ್ತು ಕೂರುವ ಬಿಸಿ ತಟ್ಟೆ, ಅಂದರೆ ಹೀಟ್ ಬೆಡ್, 12 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತದೆ. ತಂತಿಯ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಟರ್ಮಿನಲ್ಲಿಗೆ ಬಿಗಿದಿದ್ದೆ. ಒತ್ತಡಕ್ಕೆ ಬೆಸುಗೆ ಮೆಲ್ಲಗೆ ಚಪ್ಪಟೆಯಾಗಿ ಹಿಡಿತ ಸಡಿಲವಾಯಿತು, ಟರ್ಮಿನಲ್ ಬಿಸಿಯೇರಿ ಅದರ ಹಸಿರು ಬಣ್ಣ ಹೋಗಿ ಕಂದು ಬಣ್ಣವಾಯಿತು. ವಾಸನೆ ಬಂದಿದ್ದಕ್ಕೆ ಬಚಾವ್. ಈಗ ತುದಿಗೆ ಬೆಸುಗೆ ಇಲ್ಲ, ಲೋಹದ ಲಗ್ ಒತ್ತಿ ಕೂರಿಸಿದ್ದೇನೆ. ಬೆಡ್ಡಿನ ಕರೆಂಟು ಕರೆಂಟನ್ನು ಆನ್-ಆಫ್ ಮಾಡುವ ಹೊರಗಿನ ಮಾಸ್ಫೆಟ್ ಬೋರ್ಡಿನ ಮೂಲಕ ಹೋಗುತ್ತದೆ. ಬಿಸಿ ಕೈಮೀರಿದರೆ ಹೀಟರ್ ಆರಿಸುವ ಮಾರ್ಲಿನ್ನಿನ ಥರ್ಮಲ್ ರನ್‌ಅವೇ ರಕ್ಷಣೆ ಆನ್ ಇದೆಯೋ ನೋಡಿಕೊಳ್ಳಿ. ಅದಿಲ್ಲದೆ ಯಂತ್ರ ಓಡಿಸಬೇಡಿ.

ಮಳೆಗಾಲದಲ್ಲಿ ಫಿಲಮೆಂಟೂ ತೇವ ಕುಡಿಯುತ್ತದೆ. ನಾಜಲ್ಲಿನಲ್ಲಿ ಒಗ್ಗರಣೆಯ ಹಾಗೆ ಚಟಪಟ ಅಂದರೆ ಅದೇ. ತೇವ ತಾಗದಂತೆ ಇಡಲು ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಅಷ್ಟು ಸಾಕು.

ಕಳೆದ ವರ್ಷ ಹುಡುಗರ ಪ್ರಾಜೆಕ್ಟು ಅಡಿಕೆ ಸುಲಿಯುವ ಯಂತ್ರ. ಅಡಿಕೆಯನ್ನು ಒಂದೊಂದಾಗಿ ಬ್ಲೇಡಿಗೆ ಒಯ್ಯುವ ತಟ್ಟೆಯ ಕುಳಿ ಎಷ್ಟಿರಬೇಕು ಅನ್ನುವುದೇ ಜಗಳ. ಮೊದಲ ತಟ್ಟೆಯಲ್ಲಿ ದಪ್ಪ ಕಾಯಿ ಸಿಕ್ಕಿಕೊಂಡಿತು. ಎರಡನೆಯದರಲ್ಲಿ ಸಣ್ಣವು ಎರಡೆರಡು ಕೂತವು. ಮೂರನೆಯದರ ಅಂಚು ಮುರಿಯಿತು. ಒಂದೊಂದಕ್ಕೂ ಐದು ಗಂಟೆ ಪ್ರಿಂಟು, ಪ್ಲಾಸ್ಟಿಕ್ ಖರ್ಚು ಅಷ್ಟೇನಿಲ್ಲ. ಲೋಹದಲ್ಲಿ ಕೊರೆಸಿದ್ದರೆ ಮೊದಲನೆಯದಕ್ಕೇ ದುಡ್ಡು ಮುಗಿಯುತ್ತಿತ್ತು. ನಾಲ್ಕನೆಯದು ಸರಿಯಾಗಿ ಕೂತಿತು. ಅದನ್ನು ತೋಟಕ್ಕೆ ಒಯ್ದವರು ಮಧ್ಯಾಹ್ನ ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದಾರೆ. ತಟ್ಟೆಗೆ ಬಳಸಿದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ ಅಂತ ಕ್ಲಾಸಿನಲ್ಲಿ ಬರೆಸಿದ್ದೆ.

"ಸರ್, ತಟ್ಟೆ ಹಪ್ಪಳ ಆಗಿದೆ" ಅಂತ ಫೋನ್ ಬಂತು. ಐದನೆಯದನ್ನು ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಟ್ಟೆ.